ಸಂಬಳದ ಪಟ್ಟಿಯಲ್ಲಿ ಹೆಸರಿದೆಯೇ?

(ಒಮಾನಿನ ರುಸೈಲ್‌ನಲ್ಲಿ ನೀಡಿದ ಕನ್ನಡ ದತ್ತಿ ಉಪನ್ಯಾಸದ ಬರಹ ರೂಪ)



ಈ ದತ್ತಿ ಇಟ್ಟ ಹಿರಿಯರು ತಮ್ಮ ಹೆಸರನ್ನು ಎಲ್ಲಿಯೂ ಹೇಳಕೂಡದೆಂದು ಷರತ್ತು ಹಾಕಿದ್ದಾರೆ. ಹಾಗಾಗಿ ಹೆಸರಿಲ್ಲದ ಒಂದು ನಮಸ್ಕಾರ ಅವರಿಗೆ. ವಿಷಯವನ್ನು ಮಾತ್ರ ಅವರೇ ಆರಿಸಿಕೊಟ್ಟರು: ಒಂದು ಕಾಲಕ್ಕೆ ಬೆಳ್ಳಿತೆರೆಯಲ್ಲಿ ಮೆರೆದು ಆಮೇಲೆ ಮರೆಗೆ ಸರಿದ ನಟನಟಿಯರ ಕೊನೆಗಾಲವನ್ನು ಸಿನಿಮಾಗಳು ಹೇಗೆ ತೋರಿಸಿವೆ, ಅದರ ಬಗ್ಗೆ ಮಾತಾಡಿ ಎಂದರು. ನಾನು ಸಿನಿಮಾ ಪಂಡಿತನಲ್ಲ. ಇದೇ ರುಸೈಲ್ ಕೈಗಾರಿಕಾ ವಸಾಹತಿನ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡುವವನು. ತಿಂಗಳ ಕೊನೆಗೆ ಸಂಬಳದ ಪಟ್ಟಿ ಮಾಡುವುದು ನನ್ನ ಕೆಲಸ. ಸಿನಿಮಾ ನೋಡಿ ಊರಿನ ಪತ್ರಿಕೆಗಳಿಗೆ ನಾಲ್ಕು ಸಾಲು ಬರೆಯುವುದು ನನ್ನ ಚಟ. ಎರಡೂ ಬೆರೆತು ಒಂದು ಕೆಟ್ಟ ಅಭ್ಯಾಸ ಅಂಟಿಕೊಂಡಿದೆ. ಸಿನಿಮಾ ಮುಗಿದು ಹೆಸರುಗಳು ಉರುಳತೊಡಗಿದಾಗ ನಾನು ಎದ್ದುಹೋಗುವುದಿಲ್ಲ. ಯಾರ್‍ಯಾರಿಗೆ ಕೆಲಸ ಸಿಕ್ಕಿತು ಎಂದು ನೋಡುತ್ತಾ ಕೂರುತ್ತೇನೆ.

ಮರೆಯಾದ ತಾರೆಯರ ಸಿನಿಮಾಗಳನ್ನೂ ಇದೇ ಕಣ್ಣಿನಿಂದ ನೋಡುತ್ತೇನೆ. ವಯಸ್ಸಾದ ನಟಿಯ ಗೋಳು ತೋರಿಸಿ ನಮ್ಮನ್ನು ಅಳಿಸುವ ಸಿನಿಮಾ, ವಯಸ್ಸಾದ ಒಬ್ಬ ನಟಿಗಾದರೂ ಪಾರ್ಟು ಕೊಟ್ಟಿತೇ? ಪ್ರಶ್ನೆ ಒರಟು, ಗೊತ್ತು. ಕಲೆಯನ್ನು ಕೂಲಿಯಿಂದ ಅಳೆಯುತ್ತಾನೆ ಎಂದು ನೀವು ಬೈಯಬಹುದು. ಆದರೆ ಕಲಾವಿದರನ್ನು ಕೊನೆಗಾಲದಲ್ಲಿ ಕಾಡಿದ್ದು ಹೆಚ್ಚಾಗಿ ಕೆಲಸವಿಲ್ಲದ ದಿನಗಳು. ಕೀರ್ತಿ ಹೋಯಿತೆಂಬ ಕೊರಗು ಅದರ ಹಿಂದಿನಿಂದ ಬರುವಂಥದ್ದು. ಸಿನಿಮಾಗಳು ಮಾತ್ರ ಆ ಕೊರಗನ್ನೇ ಮುಂದಿಟ್ಟು ಕೆಲಸದ ಮಾತನ್ನು ಮರೆಸುತ್ತವೆ.

ಈ ಜಾತಿಯ ಸಿನಿಮಾಗಳಿಗೆಲ್ಲ ಅಜ್ಜಿ ಎಂದರೆ 1950ರ ‘ಸನ್‌ಸೆಟ್ ಬುಲೆವಾರ್ಡ್’. ಬಿಲ್ಲಿ ವೈಲ್ಡರ್ ನಿರ್ದೇಶನ. ಮೂಕಿಚಿತ್ರಗಳ ಮಹಾತಾರೆ ನಾರ್ಮಾ ಡೆಸ್ಮಂಡ್ ಟಾಕಿ ಬಂದ ಮೇಲೆ ಕೆಲಸ ಕಳೆದುಕೊಂಡು, ಹಾಲಿವುಡ್ಡಿನ ಪಾಳುಬಿದ್ದಂಥ ಬಂಗಲೆಯಲ್ಲಿ, ತನ್ನವೇ ಫೋಟೋಗಳ ನಡುವೆ, ಮತ್ತೆ ತೆರೆಗೆ ಬಂದೇ ಬರುತ್ತೇನೆ ಎಂಬ ಭ್ರಮೆಯಲ್ಲಿ ಬದುಕುತ್ತಾಳೆ. ಕಥೆ ಹೇಳುವವನು ಅವಳ ಈಜುಕೊಳದಲ್ಲಿ ತೇಲುತ್ತಿರುವ ಹೆಣ. ವಯಸ್ಸಾದ ನಟಿ ಎಂದರೆ ಕತ್ತಲ ಬಂಗಲೆ, ಅತಿಯಾದ ಮೇಕಪ್ಪು, ಕೊನೆಗೆ ಹುಚ್ಚು ಎಂಬ ಅಚ್ಚನ್ನು ಲೋಕಕ್ಕೆಲ್ಲ ಹಾಕಿಕೊಟ್ಟದ್ದು ಇದೇ ಸಿನಿಮಾ. ಆ ಅಚ್ಚಿನ ಮೇಲೆ ನನಗೆ ಸಿಟ್ಟಿದೆ. ಆದರೆ ಇದರ ಸಂಬಳದ ಪಟ್ಟಿ ನೋಡಿದರೆ ಸಿಟ್ಟು ಇಳಿಯುತ್ತದೆ. ನಾರ್ಮಾ ಪಾತ್ರ ಮಾಡಿದ್ದು ಗ್ಲೋರಿಯಾ ಸ್ವಾನ್ಸನ್, ನಿಜವಾಗಿಯೂ ಮೂಕಿಯುಗದ ರಾಣಿಯಾಗಿದ್ದವರು, ಆಗ ಐವತ್ತರ ಆಸುಪಾಸು. ಗೋಡೆಯ ಮೇಲಿನ ಫೋಟೋಗಳು ಅವರವೇ. ಮನೆಯ ಬಟ್ಲರನಾಗಿ ಬರುವವರು ಎರಿಕ್ ಫಾನ್ ಸ್ಟ್ರೋಹೈಮ್, ಒಂದು ಕಾಲದ ದೊಡ್ಡ ನಿರ್ದೇಶಕ. ಬಂಗಲೆಯ ಹಾಲಿನಲ್ಲಿ ನಾರ್ಮಾ ತನ್ನ ಹಳೆಯ ಸಿನಿಮಾ ಹಾಕಿಸಿ ನೋಡುವ ದೃಶ್ಯವಿದೆಯಲ್ಲ, ಅಲ್ಲಿ ಓಡುವ ರೀಲು ಸ್ಟ್ರೋಹೈಮ್ ಸ್ವಾನ್ಸನ್ನರನ್ನೇ ನಾಯಕಿಯಾಗಿಟ್ಟು ನಿಜವಾಗಿ ತೆಗೆದ ‘ಕ್ವೀನ್ ಕೆಲಿ’ಯದು. ಪ್ರೊಜೆಕ್ಟರ್ ನಡೆಸುವುದು ಬಟ್ಲರ್! ಇಸ್ಪೀಟು ಆಡಲು ಬಂದ ಹಳೆಯ ಗೆಳೆಯರ ಮೇಜಿನಲ್ಲಿ ಕಲ್ಲುಮುಖದ ಬಸ್ಟರ್ ಕೀಟನ್ ಕುಳಿತಿದ್ದಾರೆ. ತನ್ನ ಕಾಲದಲ್ಲಿ ಚಾಪ್ಲಿನ್‌ಗೆ ಸಮನಾಗಿದ್ದ ಆ ಮನುಷ್ಯ ಆ ವರ್ಷಗಳಲ್ಲಿ ಒಂದು ಸ್ಟುಡಿಯೋದಲ್ಲಿ ಬೇರೆಯವರ ಸಿನಿಮಾಗಳಿಗೆ ನಗೆಯ ತುಣುಕು ಹೊಸೆದುಕೊಟ್ಟು ಹೊಟ್ಟೆ ಹೊರೆಯುತ್ತಿದ್ದರು. ಇಲ್ಲಿ ಅವರ ಪಾಲಿಗೆ ಇಸ್ಪೀಟಿನ ಒಂದೆರಡು ಮಾತು ಬಿಟ್ಟರೆ ಬೇರೇನೂ ಇಲ್ಲ. ಇರಲಿ, ಆ ದಿನದ ಸಂಬಳ ಸಂದಿತು.

ಆ ಸಿನಿಮಾದಲ್ಲಿ ನನಗೆ ಬಹಳ ಇಷ್ಟವಾದ ದೃಶ್ಯ ಹೆಚ್ಚು ಪ್ರಸಿದ್ಧವಾದದ್ದಲ್ಲ. ನಾರ್ಮಾ ಹಳೆಯ ಸ್ಟುಡಿಯೋಗೆ ಹೋಗುತ್ತಾಳೆ. ನಿರ್ದೇಶಕ ಸೆಸಿಲ್ ಬಿ. ಡಿಮಿಲ್ ತಾವೇ ತಾವಾಗಿ ಕಾಣಿಸಿಕೊಂಡಿದ್ದಾರೆ; ಸ್ವಾನ್ಸನ್ನರನ್ನು ತಾರೆಯಾಗಿಸಿದ ನಿರ್ದೇಶಕರೂ ಅವರೇ. ನಾರ್ಮಾಳನ್ನು ಒಂದು ಕುರ್ಚಿಯಲ್ಲಿ ಕೂರಿಸಿ ಅವರು ಆಚೆ ಹೋದಾಗ ಮೈಕಿನ ಉದ್ದನೆಯ ಕೋಲು ತೂಗಿಬಂದು ಅವಳ ಟೋಪಿಯ ಗರಿಯನ್ನು ಸವರುತ್ತದೆ. ಅವಳನ್ನು ಮೂಲೆಗೆ ತಳ್ಳಿದ್ದೇ ಆ ಮೈಕು. ಅದನ್ನು ಕೈಯಿಂದ ಆಚೆ ದಬ್ಬುತ್ತಾಳೆ. ಮೇಲಿನಿಂದ ಹಳೆಯ ಲೈಟ್‌ಬಾಯ್ ಒಬ್ಬ ಗುರುತು ಹಿಡಿದು ದೀಪವನ್ನು ಅವಳತ್ತ ತಿರುಗಿಸುತ್ತಾನೆ. ಸೆಟ್ಟಿನಲ್ಲಿದ್ದ ಹಳೆಯ ಎಕ್ಸ್‌ಟ್ರಾಗಳೆಲ್ಲ ಸುತ್ತ ನೆರೆಯುತ್ತಾರೆ. ಅಷ್ಟೇ ಆಗಿದ್ದರೆ ಕಣ್ಣೀರಿನ ದೃಶ್ಯವಾಗಿ ಮುಗಿಯುತ್ತಿತ್ತು. ವೈಲ್ಡರ್ ಒಂದು ಚುಚ್ಚು ಇಟ್ಟಿದ್ದಾರೆ: ಸ್ಟುಡಿಯೋದವರು ಇಷ್ಟು ದಿನ ಫೋನ್ ಮಾಡುತ್ತಿದ್ದದ್ದು ಅವಳಿಗಾಗಿ ಅಲ್ಲ, ಅವಳ ಹಳೆಯ ಕಾರಿಗಾಗಿ. ಯಾವುದೋ ಸಿನಿಮಾಕ್ಕೆ ಅದು ಬಾಡಿಗೆಗೆ ಬೇಕಿತ್ತು. ಲೆಕ್ಕದವನಾಗಿ ಹೇಳುತ್ತೇನೆ, ಮುಪ್ಪಿನ ಬಗ್ಗೆ ಇಷ್ಟು ಖಾರವಾದ ಒಂದು ವೋಚರು ಇನ್ನೆಲ್ಲೂ ನೋಡಿಲ್ಲ. ಕಾರಿಗೆ ಬಾಡಿಗೆ ಇದೆ, ನಟಿಗೆ ಸಂಬಳವಿಲ್ಲ.

ನಮ್ಮ ಕಡೆಗೆ ಬರೋಣ. 1959ರ ‘ಕಾಗಜ್ ಕೆ ಫೂಲ್’ ಹಿಂದಿ ಸಿನಿಮಾ ಆದರೂ ನಾನು ಅದನ್ನು ಅರ್ಧ ನಮ್ಮದೆಂದೇ ಎಣಿಸುತ್ತೇನೆ. ಗುರುದತ್ ಹುಟ್ಟಿದ್ದು ಬೆಂಗಳೂರಿನಲ್ಲಿ, 1925ರ ಜುಲೈ 9ರಂದು. ಮನೆತನದ ಹೆಸರಿನಲ್ಲೇ ಕುಂದಾಪುರದ ಕಡೆಯ ಪಡುಕೋಣೆ ಇದೆ. ಛಾಯಾಗ್ರಾಹಕ ವಿ.ಕೆ. ಮೂರ್ತಿ ಮೈಸೂರಿನವರು, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಕ್ಯಾಮೆರಾ ಕಲಿತವರು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ಅದು. ಅದರಲ್ಲಿ ಮರೆಯಾಗುವವನು ನಟನಲ್ಲ, ಸುರೇಶ್ ಸಿನ್ಹಾ ಎಂಬ ನಿರ್ದೇಶಕ. ಆದರೂ ನಮ್ಮ ಮಾತಿಗೆ ಬೇಕಾದ ಒಂದು ದೃಶ್ಯ ಅದರಲ್ಲಿದೆ. ಎಲ್ಲವನ್ನೂ ಕಳೆದುಕೊಂಡ ಸುರೇಶ್, ಗಡ್ಡ ಬಿಟ್ಟು, ದಿನಗೂಲಿಯ ಎಕ್ಸ್‌ಟ್ರಾ ಆಗಿ ಒಂದು ಸೆಟ್ಟಿಗೆ ಬರುತ್ತಾನೆ. ಆ ಸಿನಿಮಾದ ನಾಯಕಿ ಅವನೇ ಬೆಳೆಸಿದ ಶಾಂತಿ, ಅಂದರೆ ವಹೀದಾ ರೆಹಮಾನ್. ಅವಳು ಗುರುತು ಹಿಡಿಯುತ್ತಾಳೆ, ಅವನು ತಪ್ಪಿಸಿಕೊಂಡು ಓಡುತ್ತಾನೆ. ಕೂಲಿ ಕೈಗೆ ಬರುವ ಮೊದಲೇ ಓಡುತ್ತಾನೆ.

ಇನ್ನು ಆ ಸಿನಿಮಾದ ಬೆಳಕಿನ ಕೋಲು. ಕತ್ತಲೆ ಸ್ಟುಡಿಯೋ ಒಳಗೆ ಒಂದೇ ಒಂದು ದಪ್ಪ ಬೆಳಕು ಓರೆಯಾಗಿ ಇಳಿಯುತ್ತದೆ, ಧೂಳು ಅದರಲ್ಲಿ ತೇಲುತ್ತದೆ, ಅದರ ಆಚೀಚೆ ಇಬ್ಬರು ನಿಂತಿದ್ದಾರೆ. ಮೂರ್ತಿಯವರು ಅದಕ್ಕೆ ಯಾವ ದೊಡ್ಡ ದೀಪವನ್ನೂ ಉರಿಸಲಿಲ್ಲ. ಹೊರಗೆ ಬಿಸಿಲಿಗೆ ಒಂದು ದೊಡ್ಡ ಕನ್ನಡಿ, ಒಳಗೆ ಅಟ್ಟಣಿಗೆಯ ಮೇಲೆ ಇನ್ನೊಂದು. ಸೂರ್ಯನನ್ನು ಹೊರಗಿನ ಕನ್ನಡಿ ಒಳಗಿನದಕ್ಕೆ ಕೊಟ್ಟಿತು, ಒಳಗಿನದು ನೆಲಕ್ಕೆ ಇಳಿಸಿತು. ಈ ಮರುಭೂಮಿಯಲ್ಲಿ ಕೂತ ನಮಗೆ ಬಿಸಿಲಿನ ಕೊರತೆ ಇಲ್ಲ, ಆದರೂ ಬಿಸಿಲನ್ನು ಅಷ್ಟು ಚೆನ್ನಾಗಿ ಖರ್ಚು ಮಾಡಿದವರನ್ನು ನಾನು ಕಂಡಿಲ್ಲ. ನನ್ನ ಒರಟು ಪ್ರಶ್ನೆಗೆ ಮಾತ್ರ ಈ ಸಿನಿಮಾ ಸೋಲುತ್ತದೆ: ಮುದುಕನಾಗಿ ನಡುಗುವ ಗುರುದತ್‌ಗೆ ಆಗಿನ್ನೂ ಮೂವತ್ತಮೂರು. ಮುಪ್ಪು ಬರೀ ಮೇಕಪ್ಪು. ಸಿನಿಮಾ ಸೋತಿತು, ಆಮೇಲೆ ಅವರು ತಮ್ಮ ಹೆಸರಿನಲ್ಲಿ ಇನ್ನೊಂದನ್ನು ನಿರ್ದೇಶಿಸಲಿಲ್ಲ, 1964ರ ಅಕ್ಟೋಬರಿನಲ್ಲಿ ತೀರಿಕೊಂಡರು. ನಿಜವಾದ ಮುಪ್ಪು ಬಂದದ್ದು ಕ್ಯಾಮೆರಾದ ಹಿಂದಿದ್ದವರಿಗೆ. ಮೂರ್ತಿಯವರು ವಯಸ್ಸಾದ ಮೇಲೆ ಕನ್ನಡದಲ್ಲಿ ‘ಹೂವು ಹಣ್ಣು’ ಚಿತ್ರಕ್ಕೆ ಕ್ಯಾಮೆರಾ ಹಿಡಿದರು, 2010ರಲ್ಲಿ ಎಂಬತ್ತಾರರ ಹರೆಯದಲ್ಲಿ ಫಾಲ್ಕೆ ಪ್ರಶಸ್ತಿ ಪಡೆದರು, 2014ರಲ್ಲಿ ಬೆಂಗಳೂರಿನಲ್ಲೇ ಕಣ್ಣು ಮುಚ್ಚಿದರು. ಛಾಯಾಗ್ರಾಹಕರೊಬ್ಬರಿಗೆ ಫಾಲ್ಕೆ ಬಂದದ್ದು ಅದೇ ಮೊದಲು. ಇನ್ನೊಂದು ತಮಾಷೆ: ಆ ಸಿನಿಮಾದ ವಹೀದಾ ರೆಹಮಾನ್ ಮದುವೆಯಾದ ಮೇಲೆ ಬಹಳ ವರ್ಷ ಬೆಂಗಳೂರಿನ ಹೊರಗೆ ತೋಟದ ಮನೆಯಲ್ಲಿ ನೆಮ್ಮದಿಯಾಗಿದ್ದರು. ತೋಟದ ಮನೆಯ ಬಗ್ಗೆ ಯಾರೂ ಸಿನಿಮಾ ತೆಗೆಯುವುದಿಲ್ಲ. ನೆಮ್ಮದಿಗೆ ಇಂಟರ್ವಲ್ ಎಲ್ಲಿ ಕೊಡುವುದು?

ಈಚೆಗೆ ಬಂದ ದೊಡ್ಡದು ‘ಮಹಾನಟಿ’, 2018ರ ಮೇ ತಿಂಗಳಲ್ಲಿ. ತೆಲುಗಿನ ಸಾವಿತ್ರಿಯವರ ಬದುಕು. ಬೆಂಗಳೂರಿಗೆ ಚಿತ್ರೀಕರಣಕ್ಕೆಂದು ಬಂದಿದ್ದಾಗಲೇ, 1980ರಲ್ಲಿ, ಅವರು ಕೋಮಾಕ್ಕೆ ಜಾರಿದ್ದು. ಮರುವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಕೀರ್ತಿ ಸುರೇಶ್ ಚೆನ್ನಾಗಿ ಮಾಡಿದ್ದಾರೆ, ರಾಷ್ಟ್ರಪ್ರಶಸ್ತಿಯೂ ಬಂತು. ಆದರೆ ಗಮನಿಸಿ: ನಲವತ್ತು ದಾಟಿ, ಮೈ ಊದಿಕೊಂಡು, ಕಾಲ್‌ಶೀಟಿಗೆ ಕಾಯುವ ಸಾವಿತ್ರಿಯನ್ನೂ ಇಪ್ಪತ್ತೈದರ ಹುಡುಗಿ ಹತ್ತಿ-ರಬ್ಬರು ಕಟ್ಟಿಕೊಂಡು ಮಾಡಬೇಕಾಯಿತು. ನಮ್ಮ ‘ಅಭಿನೇತ್ರಿ’ಯೂ ಅಷ್ಟೇ; 2015ರಲ್ಲಿ ಪೂಜಾ ಗಾಂಧಿ ಮಾಡಿದ್ದು, ಮಿನುಗುತಾರೆ ಕಲ್ಪನಾ ಅವರ ಬದುಕಿನ ನೆರಳಿರುವ ಚಿತ್ರ. ಅದರ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಕಲ್ಪನಾ ಅವರ ಬದುಕೇ ಅದಕ್ಕಿಂತ ಹೆಚ್ಚು ಹೇಳುತ್ತದೆ. ‘ಬೆಳ್ಳಿಮೋಡ’, ‘ಗೆಜ್ಜೆಪೂಜೆ’, ‘ಶರಪಂಜರ’ ಮಾಡಿದ ನಟಿ ಕೊನೆಗೆ ಉತ್ತರ ಕರ್ನಾಟಕದಲ್ಲಿ ಕಂಪನಿ ನಾಟಕಗಳಲ್ಲಿ ಬಣ್ಣ ಹಚ್ಚುತ್ತಿದ್ದರು. 1979ರ ಮೇ ತಿಂಗಳಲ್ಲಿ ಸಂಕೇಶ್ವರದ ಹತ್ತಿರ ಗೋಟೂರಿನಲ್ಲಿ ತೀರಿಕೊಂಡಾಗ ಮೂವತ್ತೈದು ವರ್ಷ. ಜನ ಇದನ್ನು ‘ಸಿನಿಮಾದಿಂದ ನಾಟಕಕ್ಕೆ ಇಳಿದರು’ ಎಂದು ಹೇಳುವುದುಂಟು. ಇಳಿಯುವುದೇನು ಬಂತು? ಸಿನಿಮಾ ಕರೆಯದಿದ್ದಾಗ ಕ್ಯಾಂಪು ಕರೆಯಿತು, ರಾತ್ರಿ ಆಟಕ್ಕೆ ಟಿಕೆಟ್ಟಿನ ಸಾಲು ನಿಂತಿತು. ಕನ್ನಡ ಕಲಾವಿದರಿಗೆ ಹಾಲಿವುಡ್ಡಿನವರಿಗಿಲ್ಲದ ಒಂದು ಹಿಂಬಾಗಿಲು ಆ ಕಾಲದಲ್ಲಿ ಇತ್ತು, ಅದೇ ನಾಟಕ ಕಂಪನಿ. ಬಹುಪಾಲು ಎಲ್ಲರೂ ಅಲ್ಲಿಂದಲೇ ಬಂದವರು. 1934ರ ಮೊದಲ ಕನ್ನಡ ಟಾಕಿ ‘ಸತಿ ಸುಲೋಚನ’ದ ಸುಬ್ಬಯ್ಯನಾಯ್ಡು, ನಾಗೇಂದ್ರರಾಯರು ಇಬ್ಬರೂ ರಂಗದವರೇ. ಆ ಸಿನಿಮಾದ ಪ್ರಿಂಟು ಇವತ್ತು ಒಂದೂ ಉಳಿದಿಲ್ಲ.

ಪುಟ್ಟಣ್ಣ ಕಣಗಾಲರ ‘ರಂಗನಾಯಕಿ’ (1981) ಈ ಹಿಂಬಾಗಿಲನ್ನು ಮುಂಬಾಗಿಲು ಮಾಡಿ ತೋರಿಸಿದ ಸಿನಿಮಾ. ಅಶ್ವತ್ಥರ ಕಾದಂಬರಿ, ಆರತಿಯವರ ಅಭಿನಯ. ನಾಟಕ ಕಂಪನಿಯ ನಟಿ, ಮದುವೆಯಾಗಿ, ಗಂಡ ಮಗು ಎರಡನ್ನೂ ಕಳೆದುಕೊಂಡು ಸಿನಿಮಾ ತಾರೆಯಾಗುತ್ತಾಳೆ. ಅವಳ ಮೇಲೆ ಮೋಹಗೊಳ್ಳುವ ಹುಡುಗ ಅವಳ ಮಗನೇ ಎಂಬುದು ಆಮೇಲೆ ಬಯಲಾಗುತ್ತದೆ. ನಮ್ಮ ಕಾಲದ ಹುಡುಗರಿಗೆ ಅದು ಸಹಿಸಲಾಗದ ಸಿನಿಮಾ ಆಗಿತ್ತು. ಈಗ ನೋಡಿದರೆ ಬೇರೊಂದು ಕಾಣುತ್ತದೆ: ಹುಡುಗನಿಗೆ ತೆರೆಯ ಮೇಲಿನ ಹೆಂಗಸಿನ ವಯಸ್ಸು ಕಾಣುವುದಿಲ್ಲ. ತಾರೆಗೆ ವಯಸ್ಸಾಗಿದೆ ಎಂದು ಮೊದಲು ಗೊತ್ತಾಗುವುದು ಪ್ರೇಕ್ಷಕನಿಗಲ್ಲ, ನಿರ್ಮಾಪಕನಿಗೆ. ಆ ಸಿನಿಮಾದಲ್ಲಿ ಹೆಂಡತಿ ರಂಗ ಬಿಡಬೇಕೆಂದು ಹಟ ಹಿಡಿಯುವ ಗಂಡನಾಗಿ ಬಂದವರು ಅಂಬರೀಶ್. ಅದೇ ವರ್ಷ ‘ಅಂತ’ ಬಂದು ಅವರು ರೆಬೆಲ್ ಸ್ಟಾರ್ ಆದರು. ಈ ಹೆಸರನ್ನು ನೆನಪಿನಲ್ಲಿಡಿ, ನನ್ನ ಇವತ್ತಿನ ಮಾತಿನ ಅರ್ಧ ಪಾಲು ಅವರದೇ.

2018ರ ಸೆಪ್ಟೆಂಬರ್ 27ರಂದು ‘ಅಂಬಿ ನಿಂಗ್ ವಯಸ್ಸಾಯ್ತೋ’ ಬಿಡುಗಡೆಯಾಯಿತು. ಗುರುದತ್ತ ಗಾಣಿಗ ನಿರ್ದೇಶನ. ತಮಿಳಿನಲ್ಲಿ ಧನುಷ್ ನಿರ್ದೇಶಿಸಿ ರಾಜ್‌ಕಿರಣ್ ಮಾಡಿದ್ದ ‘ಪ ಪಾಂಡಿ’ಯ ಕನ್ನಡ ರೂಪ. ಕನ್ನಡದಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಕೂರುವ ಸಿನಿಮಾ ಎಂದರೆ ನನಗೆ ಇದೇ. ಅಂಬಿ ಒಬ್ಬ ನಿವೃತ್ತ ಸ್ಟಂಟ್ ಮಾಸ್ಟರ್. ಅಂದರೆ ಸ್ಟಾರ್ ಕೂಡ ಅಲ್ಲ, ಸ್ಟಾರ್‌ಗಳಿಗಾಗಿ ಗಾಜು ಒಡೆದು ಬಿದ್ದವನು. ಈಗ ಮಗನ ಮನೆಯಲ್ಲಿ ಮೊಮ್ಮಕ್ಕಳ ಜೊತೆ ಇದ್ದಾನೆ. ಕೈಗೆ ಕೆಲಸವಿಲ್ಲ, ಆದರೆ ಕೈ ಸುಮ್ಮನಿರುವುದಿಲ್ಲ. ಬೀದಿಯಲ್ಲಿ ಅನ್ಯಾಯ ಕಂಡರೆ ಹೊಡೆಯುತ್ತಾನೆ, ಮನೆಗೆ ತಲೆನೋವು ತರುತ್ತಾನೆ. ಮಗ (ದಿಲೀಪ್ ರಾಜ್) ಕೆಟ್ಟವನಲ್ಲ. ಅಪ್ಪ ಸುಮ್ಮನೆ ಕೂತರೆ ಸಾಕು ಎನ್ನುವವನು. ಆ ‘ಸುಮ್ಮನೆ ಕೂತ್ಕೊಳ್ಳಿ’ಯನ್ನು ತಾಳಲಾರದೆ ಅಂಬಿ ಬೈಕು ಹತ್ತಿ ಮನೆ ಬಿಡುತ್ತಾನೆ, ಹರೆಯದಲ್ಲಿ ಕೈತಪ್ಪಿದ ನಂದಿನಿಯನ್ನು ಹುಡುಕಿಕೊಂಡು. ನಂದಿನಿಯಾಗಿ ಸುಹಾಸಿನಿ.

ಸಿನಿಮಾವಾಗಿ ಇದು ಮಹಾ ಕೃತಿಯೇನಲ್ಲ. ಫ್ಲ್ಯಾಷ್‌ಬ್ಯಾಕಿನ ಪ್ರೇಮ ಉದ್ದವಾಯಿತು. ಅಲ್ಲಿ ತರುಣ ಅಂಬಿಯಾಗಿ ಸುದೀಪ್ ಬರುತ್ತಾರೆ. ಚೆನ್ನಾಗಿಯೇ ಇದ್ದಾರೆ, ಆದರೆ ಮುದುಕನ ಸಿನಿಮಾದಲ್ಲೂ ಹರೆಯಕ್ಕೆ ಇಷ್ಟೊಂದು ಕಾಲ್‌ಶೀಟು ಏಕೆ ಎಂದು ನನ್ನೊಳಗಿನ ಲೆಕ್ಕದವನು ಗೊಣಗಿದ. ಆದರೂ ಸಂಬಳದ ಪಟ್ಟಿ ಹಿಡಿಯಿರಿ. ಮೊದಲ ಹೆಸರು ಅರವತ್ತಾರರ ಅಂಬರೀಶ್. 1972ರ ‘ನಾಗರಹಾವು’ ಚಿತ್ರದಲ್ಲಿ ಜಲೀಲನಾಗಿ ಬಂದ ಹುಡುಗ. ನಾಲ್ಕು ವರ್ಷದ ಹಿಂದೆ ಸಿಂಗಪುರದಲ್ಲಿ ಚಿಕಿತ್ಸೆ ಮಾಡಿಸಿಕೊಂಡು ಬಂದ ದೇಹ. ಎರಡನೆಯ ಹೆಸರು ‘ಬೆಂಕಿಯಲ್ಲಿ ಅರಳಿದ ಹೂವು’, ‘ಬಂಧನ’, ‘ಸುಪ್ರಭಾತ’ಗಳ ನಾಯಕಿ. ಇಬ್ಬರಿಗೂ ಕಥೆಯಲ್ಲಿ ಅವರವರ ವಯಸ್ಸೇ ಇದೆ. ಸುಹಾಸಿನಿ ಇಲ್ಲಿ ಯಾರ ತಾಯಿಯಾಗಿಯೂ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಲ್ಲುವುದಿಲ್ಲ. ಒಬ್ಬ ಗಂಡಸು ಅವರನ್ನು ಹುಡುಕಿಕೊಂಡು ಬರುತ್ತಾನೆ. ಐವತ್ತು ದಾಟಿದ ನಟಿಗೆ ಕನ್ನಡ ಸಿನಿಮಾ ಇಂಥ ಪಾರ್ಟನ್ನು ಎಷ್ಟು ಸಲ ಕೊಟ್ಟಿದೆ, ಬೆರಳು ಮಡಚಿ ನೋಡಿ.

ಅಂಬರೀಶ್ ಅಭಿನಯದ ಬಗ್ಗೆ ಒಂದು ಮಾತು. ಈ ಸಿನಿಮಾದಲ್ಲಿ ಅವರು ನಟಿಸಿಯೇ ಇಲ್ಲ, ಅಂಬರೀಶ್ ಆಗಿಯೇ ಇದ್ದುಬಿಟ್ಟಿದ್ದಾರೆ ಎಂದು ಕೆಲವರು ಹೇಳಿದರು. ಎಳೆದು ಆಡುವ ಆ ಮಾತು, ಅರ್ಧ ಗದರಿಕೆ ಅರ್ಧ ಅಕ್ಕರೆ, ಮಂಡ್ಯದ ದೊಡ್ಡರಸಿನಕೆರೆಯ ಆ ಧಾಟಿ ಎಲ್ಲ ಹಾಗೇ ಇದೆ. ಆದರೆ ನಡಿಗೆ ನೋಡಿ. ಹೊಡೆದಾಟಕ್ಕೆ ಏಳುವ ಮೊದಲು ಕುರ್ಚಿಯ ಕೈ ಹಿಡಿಯುವವನ ನಿಧಾನ ಆ ದೇಹದಲ್ಲಿದೆ. ‘ಚಕ್ರವ್ಯೂಹ’ದ ಕಾಲದ ವೇಗ ಗೊತ್ತಿರುವವರಿಗೆ ಆ ನಿಧಾನ ಚುಚ್ಚುತ್ತದೆ. ಯಾವ ಮೇಕಪ್‌ಮ್ಯಾನಿಗೂ ಅದನ್ನು ಹಚ್ಚಲು ಬರುವುದಿಲ್ಲ. ಗುರುದತ್‌ಗೆ ‘ಕಾಗಜ್ ಕೆ ಫೂಲ್’ನಲ್ಲಿ ಸಿಗದೇ ಹೋದದ್ದು ಇದೇ.

ಕಥಾನಾಯಕ ಸ್ಟಂಟ್ ಮಾಸ್ಟರ್ ಎನ್ನುವುದನ್ನು ನಾವು ಹಗುರವಾಗಿ ತೆಗೆದುಕೊಳ್ಳುತ್ತೇವೆ. ಆ ಕಸುಬಿನವರಿಗೆ ಮುಪ್ಪು ಬರುವುದೇ ಒಂದು ಭಾಗ್ಯ. ಈ ಸಿನಿಮಾಕ್ಕೆ ಎರಡು ವರ್ಷ ಮೊದಲು, 2016ರ ನವೆಂಬರ್ 7ರಂದು, ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ಯ ಚಿತ್ರೀಕರಣಕ್ಕೆ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಅನಿಲ್ ಮತ್ತು ಉದಯ್ ಮೇಲೆ ಬರಲಿಲ್ಲ. ಸ್ಟಂಟ್ ಮಾಡುತ್ತಾ ಮಾಡುತ್ತಾ ಆಗಷ್ಟೇ ಖಳನಾಯಕರಾಗಿ ಮೇಲೇಳುತ್ತಿದ್ದ ಹುಡುಗರು. ಮಗನ ಮನೆಯಲ್ಲಿ ಕೂತು ಬೇಜಾರಾಗುವ ಅವಕಾಶವೂ ಅವರಿಗೆ ಸಿಗಲಿಲ್ಲ.

‘ಅಂಬಿ’ ಬಂದು ಎರಡು ತಿಂಗಳು ತುಂಬಿರಲಿಲ್ಲ. ನವೆಂಬರ್ 24, ಶನಿವಾರ. ಮಾರನೆಯ ದಿನ ಇಲ್ಲಿ ಡ್ಯೂಟಿ, ಬೇಗ ಮಲಗುವ ರಾತ್ರಿ. ನಮ್ಮ ಕಟ್ಟಡದಲ್ಲಿ ಒಂದೊಂದೇ ರೂಮಿನ ಟಿವಿ ಹತ್ತಿಕೊಂಡಿತು. ಮಂಡ್ಯದ ಕಡೆಯ ಒಬ್ಬ ವೆಲ್ಡರ್ ಹುಡುಗ ಬಾಗಿಲಿಗೆ ಒರಗಿ, ‘ಸರ್, ನಮ್ಮಣ್ಣ ಹೋಗ್ಬುಟ್ರು’ ಎಂದ. ಸೋಮವಾರ ಕಂಠೀರವ ಸ್ಟುಡಿಯೋದಲ್ಲಿ ಅಂಬರೀಶರ ಅಂತ್ಯಕ್ರಿಯೆ ನಡೆಯುವಾಗ ಊಟದ ಬಿಡುವಿನಲ್ಲಿ ಮೊಬೈಲಿನ ಸುತ್ತ ಗುಂಪು. ಅದರಲ್ಲಿ ಪಾಕಿಸ್ತಾನಿ ಡ್ರೈವರ್ ಒಬ್ಬನೂ ಇದ್ದ. ಯಾರಿವರು ಎಂದು ಕೇಳಿದ. ಹುಡುಗ ಏನೇನೋ ಹೇಳಲು ಹೋಗಿ, ಕೊನೆಗೆ ‘ಹೀರೋ’ ಎಂದಷ್ಟೇ ಹೇಳಿದ.

ಅದಾದ ಮೇಲೆ ಒಂದು ಶುಕ್ರವಾರ ನಾವು ಒಂದಷ್ಟು ಜನ ಸೇರಿ ‘ಅಂಬಿ’ಯನ್ನು ಮತ್ತೆ ಹಾಕಿದೆವು. ಪ್ರೇಮದ ಭಾಗಕ್ಕೆ ಹುಡುಗರು ಶಿಳ್ಳೆ ಹೊಡೆದರು, ಸರಿ. ನಲವತ್ತೈದು ದಾಟಿದವರು ಗಪ್‌ಚಿಪ್ ಆದದ್ದು ಮೊದಲ ಅರ್ಧ ಗಂಟೆಗೆ. ಕಾರಣ ಹೇಳಬೇಕಿಲ್ಲ. 1983ರಲ್ಲಿ ಒಮಾನಿನ ಮೊದಲ ಕೈಗಾರಿಕಾ ವಸಾಹತಾಗಿ ಈ ರುಸೈಲ್ ಶುರುವಾದಾಗ ಬಂದ ತಲೆಮಾರು ವೀಸಾ ‘ಕ್ಯಾನ್ಸಲ್’ ಮಾಡಿಕೊಂಡು ಊರು ಸೇರಿ ಆಗಲೇ ವರ್ಷಗಳಾದವು. ಇಲ್ಲಿ ಗೇಟಿನ ಕಾವಲುಗಾರನಿಂದ ಹಿಡಿದು ಮುದೀರ್, ಅಂದರೆ ಮ್ಯಾನೇಜರ್‌ವರೆಗೆ ಎಲ್ಲರೂ ಹೆಸರು ಹಿಡಿದು ಕರೆಯುತ್ತಿದ್ದ ಫೋರ್‌ಮನ್, ಬತಾಕಾ (ಇಲ್ಲಿನ ಗುರುತಿನ ಚೀಟಿ) ಒಪ್ಪಿಸಿ ವಿಮಾನ ಹತ್ತಿ, ಕುಂದಾಪುರದಲ್ಲೋ ಕಾಸರಗೋಡಿನಲ್ಲೋ ಇಳಿದ ಮರುವಾರದಿಂದ ಮಗನ ಮನೆಯಲ್ಲಿ ಸುಮ್ಮನೆ ಕೂರುವವರಾಗುತ್ತಾರೆ. ಇಲ್ಲಿ ಅವರ ಕೈಗೆ ಇದ್ದ ಬೆಲೆ ಅಲ್ಲಿ ಯಾರಿಗೂ ಗೊತ್ತಿಲ್ಲ. ಅಂಥ ಎಷ್ಟೋ ಜನರ ಕೊನೆಯ ಲೆಕ್ಕ ನಾನೇ ಬರೆದಿದ್ದೇನೆ, ಗ್ರಾಚ್ಯುಟಿ, ರಜೆಯ ಸಂಬಳ, ಟಿಕೆಟ್ಟು ಎಲ್ಲ. ಆಮೇಲಿನದಕ್ಕೆ ನನ್ನ ಪುಸ್ತಕದಲ್ಲಿ ಕಾಲಂ ಇಲ್ಲ.

ಪಕ್ಕದ ರೂಮಿನ ಮಲಯಾಳಿ ಗೆಳೆಯರು ಹಿರಿಯ ಕಲಾವಿದರಿಗೆ ಪಾರ್ಟು ಕೊಡುವ ವಿಷಯದಲ್ಲಿ ನಮಗಿಂತ ಮುಂದಿದ್ದಾರೆ ಎಂದು ಒಪ್ಪಬೇಕು. ಜಯರಾಜ್ 2011ರಲ್ಲಿ ‘ನಾಯಿಕ’ ಮಾಡಿದಾಗ ಮರೆಯಾದ ನಟಿಯ ಪಾತ್ರಕ್ಕೆ ಊರ್ವಶಿ ಶಾರದಾ ಅವರನ್ನೇ ಕರೆದರು. ನಾವು ಹಿರಿಯ ಕಲಾವಿದರನ್ನು ಕರೆಯುವುದು ಹೆಚ್ಚಾಗಿ ಸನ್ಮಾನಕ್ಕೆ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಟಿವಿಯಲ್ಲಿ ಕೆಂಪು ಕುರ್ಚಿ ಇಟ್ಟು ಬಾಲ್ಯದ ಗೆಳೆಯರನ್ನು ಕರೆಸಿ ಅಳಿಸುವ ಕಾರ್ಯಕ್ರಮ ನನಗೂ ಇಷ್ಟವೇ, ಸುಳ್ಳು ಹೇಳುವುದಿಲ್ಲ. ಆದರೆ ಅದೇ ಟಿವಿಯ ಧಾರಾವಾಹಿಗಳು ಸದ್ದಿಲ್ಲದೆ ಹೆಚ್ಚು ಪುಣ್ಯ ಮಾಡುತ್ತಿವೆ. ಅಜ್ಜಿ, ಅತ್ತೆ, ದೊಡ್ಡಪ್ಪ ಎಂದು ತಿಂಗಳಿಗೆ ಇಷ್ಟು ದಿನ ಕೆಲಸ ಕೊಡುತ್ತವೆ. ಕಥೆಗಳು ಹೇಗಾದರೂ ಇರಲಿ. ‘ಪುಟ್ಟಕ್ಕನ ಮಕ್ಕಳು’ ಬಂದಾಗ ಅದರ ಹೆಸರಿನಲ್ಲೇ ತಾಯಿ ಇದ್ದಳು, ಉಮಾಶ್ರೀ ಇದ್ದರು.

ಎಲ್ಲರೂ ಕೆಲಸಕ್ಕಾಗಿ ಕಾಯುತ್ತಲೇ ಇದ್ದರು ಎಂದೂ ಅಲ್ಲ. ಲೀಲಾವತಿಯಮ್ಮನವರನ್ನು ನೋಡಿ. ‘ರಣಧೀರ ಕಂಠೀರವ’ದ ನಾಯಕಿ, ಆರುನೂರಕ್ಕೂ ಹೆಚ್ಚು ಸಿನಿಮಾ ಎನ್ನುತ್ತಾರೆ. ಕೊನೆಯ ದಶಕಗಳಲ್ಲಿ ನೆಲಮಂಗಲದ ಹತ್ತಿರ ಸೋಲದೇವನಹಳ್ಳಿಯಲ್ಲಿ ಮಗನ ಜೊತೆ ತೋಟ ಮಾಡಿದರು. ಚೆನ್ನೈನಲ್ಲಿದ್ದ ಆಸ್ತಿ ಮಾರಿದ ಹಣದಲ್ಲಿ ಊರವರಿಗೆ ಆಸ್ಪತ್ರೆ ಕಟ್ಟಿಸಿದರು; ಅದು 2022ರಲ್ಲಿ ಬಾಗಿಲು ತೆರೆಯಿತು. ಮರುವರ್ಷ ನವೆಂಬರಿನಲ್ಲಿ ದನಕರುಗಳಿಗೂ ಒಂದು ಆಸ್ಪತ್ರೆ ಆಯಿತು. ಡಿಸೆಂಬರ್ 8ಕ್ಕೆ ತೀರಿಕೊಂಡರು. ನಾರ್ಮಾ ಡೆಸ್ಮಂಡಳ ಬಂಗಲೆಯ ಅಚ್ಚಿಗೆ ಇದನ್ನು ಹೇಗೆ ತುರುಕುತ್ತೀರಿ? ಕ್ಯಾಮೆರಾ ಬೇಕು ಎನ್ನುವ ಬದಲು ಎಮ್ಮೆಗೆ ಡಾಕ್ಟರು ಬೇಕು ಎಂದು ಓಡಾಡಿದ ತಾರೆಯ ಸಿನಿಮಾ ಯಾರಾದರೂ ತೆಗೆದರೆ ಮೊದಲ ಟಿಕೆಟ್ ನನ್ನದು.

ಆದರೆ ನಾನು ಎಲ್ಲಕ್ಕಿಂತ ಹೆಚ್ಚಾಗಿ ನೋಡಲು ಬಯಸುವ ಸಿನಿಮಾ ಇನ್ನೊಂದಿದೆ. 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರು ‘ಬೇಡರ ಕಣ್ಣಪ್ಪ’ ತೆಗೆದರು. ಮುತ್ತುರಾಜ ರಾಜ್‌ಕುಮಾರ್ ಆದದ್ದು ಅಲ್ಲಿ. ಕಣ್ಣಪ್ಪನ ಹೆಂಡತಿ ನೀಲಳಾಗಿ ಪಂಡರಿಬಾಯಿ, ಭಟ್ಕಳದಲ್ಲಿ ಹುಟ್ಟಿದವರು, ಆಗಲೇ ತಮಿಳಿನ ‘ಪರಾಶಕ್ತಿ’ಯಲ್ಲಿ ನಾಯಕಿಯಾಗಿ ಹೆಸರು ಮಾಡಿದವರು. ಅಂದರೆ ಆ ಸೆಟ್ಟಿನಲ್ಲಿ ದೊಡ್ಡ ಕಲಾವಿದೆ ಪಂಡರಿಬಾಯಿ, ಹೊಸಬ ರಾಜ್‌ಕುಮಾರ್. ಇಬ್ಬರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಈಗ ಮೂವತ್ತೆರಡು ವರ್ಷ ಮುಂದಕ್ಕೆ ಬನ್ನಿ. 1986, ‘ಅನುರಾಗ ಅರಳಿತು’. ಅಣ್ಣಾವ್ರು ಇನ್ನೂ ನಾಯಕ, ಮಾಧವಿ ನಾಯಕಿ. ಕೈಕಾಲು ಸ್ವಾಧೀನವಿಲ್ಲದ ತಾಯಿಯ ಪಾತ್ರದಲ್ಲಿ ಪಂಡರಿಬಾಯಿ. ಅದೇ ಕಥೆ ತಮಿಳಿಗೆ ‘ಮನ್ನನ್’ ಆಗಿ ಹೋದಾಗ ರಜನೀಕಾಂತ್‌ಗೂ ಅವರೇ ತಾಯಿ.

ಗಂಡಸರಿಗೆ ಹೀಗಾಗುವುದಿಲ್ಲವೇ ಎಂದರೆ ಆಗುತ್ತದೆ, ಬೇರೆ ಬಗೆಯಲ್ಲಿ. ಕೆ.ಎಸ್. ಅಶ್ವತ್ಥ್ ಅವರು ರಾಜ್‌ಕುಮಾರ್‌ಗಿಂತ ನಾಲ್ಕೇ ವರ್ಷ ದೊಡ್ಡವರು, ಆದರೆ ತಲೆ ನರೆಯುವ ಮೊದಲೇ ನರೆತ ಪಾತ್ರಗಳನ್ನು ಮಾಡಿ, ಮುಪ್ಪು ನಿಜವಾಗಿ ಬಂದಾಗ ಅವರಿಗೆ ಹೊಸದಾಗಿ ಮಾಡಲು ಏನೂ ಉಳಿದಿರಲಿಲ್ಲ. ಪಂಡರಿಬಾಯಿಯವರದು ಹಾಗಲ್ಲ. ಅವರು ಒಂದೇ ಮನುಷ್ಯನಿಗೆ ಹೆಂಡತಿಯಾಗಿ, ಕಾಲ ಅವರಿಗೊಬ್ಬರಿಗೇ ಸರಿದು, ಅವನಿಗೇ ತಾಯಿಯಾದರು. ಆ ಎರಡು ಸೆಟ್ಟುಗಳ ನಡುವಿನ ಮೂವತ್ತೆರಡು ವರ್ಷದಲ್ಲಿ ಯಾವ ಬೆಳಿಗ್ಗೆ, ಯಾವ ಮ್ಯಾನೇಜರು, ಯಾವ ಧ್ವನಿಯಲ್ಲಿ ‘ಅಮ್ಮಾ, ಈ ಸಲ ತಾಯಿ ಪಾರ್ಟು’ ಎಂದು ಮೊದಲ ಸಲ ಹೇಳಿರಬಹುದು? ಅವರು ಏನು ಉತ್ತರ ಕೊಟ್ಟಿರಬಹುದು? ಸಂಭಾವನೆ ಎಷ್ಟೆಂದು ಕೇಳಿರಬಹುದೇ? 1986ರ ಸೆಟ್ಟಿನಲ್ಲಿ ಊಟದ ಬಿಡುವಿನ ಹೊತ್ತಿಗೆ ಇಬ್ಬರೂ ಕಣ್ಣಪ್ಪ-ನೀಲರ ಮಾತು ತೆಗೆದು ನಕ್ಕಿರಬಹುದೇ? ಒಂದು ಇಡೀ ಸಿನಿಮಾಕ್ಕೆ ಆ ಊಟದ ಬಿಡುವೊಂದೇ ಸಾಕು. ಬಂಗಲೆ ಬೇಡ, ಹುಚ್ಚು ಬೇಡ, ಹೆಣವೂ ಬೇಡ. ಎರಡು ಮಡಚುವ ಕುರ್ಚಿ, ಒಂದು ಟಿಫಿನ್ ಕ್ಯಾರಿಯರ್, ಮೇಕಪ್ಪಿನಲ್ಲೇ ಕುಳಿತ ಇಬ್ಬರು.

ಅದರಲ್ಲಿ ಪಂಡರಿಬಾಯಿಯವರ ಪಾತ್ರ ಯಾರು ಮಾಡಬೇಕೆಂದು ನೀವು ಊಟಕ್ಕೆ ಕೂತಾಗ ಜಗಳ ಆಡಬಹುದು. ಹುಡುಗಿಗೆ ಬಿಳಿ ವಿಗ್ಗು ಹಾಕಿಸುವ ಮಾತು ಮಾತ್ರ ಎತ್ತಬೇಡಿ. ನನ್ನ ಓಟು ಗಿರಿಜಾ ಲೋಕೇಶ್ ಅವರಿಗೆ. ಬಿ. ಜಯಶ್ರೀ ಎನ್ನುವವರಿದ್ದರೆ ವಾದಕ್ಕೆ ಸಿದ್ಧ. ಅಧ್ಯಕ್ಷರು ಆಗಿನಿಂದ ಬಾಗಿಲ ಕಡೆ ಕಣ್ಣು ಮಾಡುತ್ತಿದ್ದಾರೆ, ಬಿಸಿಬೇಳೆಬಾತು ಬಂದಿದೆಯಂತೆ. ಪ್ರಶ್ನೆಗಳಿದ್ದರೆ ತಟ್ಟೆ ಹಿಡಿದುಕೊಂಡೇ ಕೇಳಿ.